ಎರಡೂ ಆಕ್ಸಿಜನ್ ಸೆನ್ಸರ್ ಒಟ್ಟಿಗೆ ಕೆಟ್ಟವೇ?

ಪ್ರಶ್ನೆ: ಪೆಟ್ರೋಲ್ ಕಾರಿನಲ್ಲಿ ಚೆಕ್ ಎಂಜಿನ್ ದೀಪ ಹತ್ತಿದೆ. ಸ್ಕ್ಯಾನರ್ ಪಿ0135, ಪಿ0141 ತೋರಿಸುತ್ತಿದೆ. ಎರಡೂ ಆಕ್ಸಿಜನ್ ಸೆನ್ಸರ್ ಬದಲಿಸಬೇಕೆ?

ಉತ್ತರ: ಈಗಲೇ ಬೇಡ. ಆಕ್ಸಿಜನ್ ಸೆನ್ಸರ್ ಎಂದರೆ ಎಂಜಿನ್ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಭಾಗ. ಇವು ಅದನ್ನು ಬಿಸಿ ಮಾಡುವ ಒಳಗಿನ ಹೀಟರಿನ ಕೋಡ್‌ಗಳು. ಬಹಳಷ್ಟು ಕಾರುಗಳಲ್ಲಿ ಎರಡು ಹೀಟರಿಗೂ ಒಂದೇ ಫ್ಯೂಸ್. ಮೊದಲು ಅದನ್ನು ನೋಡಿ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದು ಹಾಕಿ. 15ರ ಜಾಗಕ್ಕೆ 20 ತುರುಕಿದರೆ ಮುಂದೆ ಸುಡುವುದು ವೈರಿಂಗ್.

ಮತ್ತೆ ಹೋಯಿತೇ? ಎಂಜಿನ್ ಆರಿಸಿ ಎರಡೂ ಸೆನ್ಸರಿನ ಕನೆಕ್ಟರ್ ಬಿಡಿಸಿ, ಹೊಸ ಫ್ಯೂಸ್ ಹಾಕಿ, ಒಂದೊಂದನ್ನೇ ಜೋಡಿಸಿ ಸ್ಟಾರ್ಟ್ ಮಾಡಿ. ಯಾವುದಕ್ಕೆ ಫ್ಯೂಸ್ ಹೋಗುತ್ತದೋ ಶಾರ್ಟ್ ಅಲ್ಲಿದೆ. ಬಿಸಿ ಸೈಲೆನ್ಸರ್ ಪೈಪಿಗೆ ತಾಗಿ ಕರಗಿದ ವೈರ್ ಸಿಕ್ಕರೆ ಅಚ್ಚರಿಯಿಲ್ಲ. ವೈರ್ ಸರಿಯಿದ್ದರೆ, ಸೆನ್ಸರ್ ತಣ್ಣಗಿರುವಾಗ ಹೀಟರಿನ ಎರಡು ಪಿನ್ ನಡುವೆ ಓಮ್ ಅಳೆಯಿರಿ. ಸಾಮಾನ್ಯವಾಗಿ 3ರಿಂದ 15 ಇರುತ್ತದೆ. ಸೊನ್ನೆಯ ಹತ್ತಿರ ತೋರಿಸಿದರೆ ಆ ಒಂದು ಸೆನ್ಸರ್ ಬದಲಿಸಿ.