ಕೆನ್ನೆ ಇಳಿದ ಗಂಡು

ಜಿಮ್ಮಿಗೆ ಹೋಗಿ ಮೈ ಕಟ್ಟಿಕೊಂಡವರು ಮುಖ ಇಳಿದುಹೋಯಿತೆಂದು ಕಂಗಾಲಾಗಿ ಆಪ್ತಸಲಹೆಗಾರಳಾದ ನನ್ನ ಬಳಿಗೆ ಬರುವುದು ಈಚೆಗೆ ಹೆಚ್ಚಾಗಿದೆ. ಅಂಥ ಒಬ್ಬರ ಪ್ರಕರಣವನ್ನು, ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಮಂಡ್ಯದ ಕಡೆಯ ಒಕ್ಕಲು ಮನೆತನ, ವಯಸ್ಸು 33, ಮೈಸೂರಿನಲ್ಲಿ ಕೆಲಸ. 91 ಕಿಲೊ ತೂಗುತ್ತಿದ್ದಾಗ ‘ಗಂಡು ದಪ್ಪ’ ಎಂದು ಒಂದು ಸಂಬಂಧ ತಪ್ಪಿತು. ಹಟ ಹಿಡಿದು ನಾಲ್ಕು ತಿಂಗಳಲ್ಲಿ 73ಕ್ಕೆ ಇಳಿದರು. ಭುಜ ಅಗಲವಾಯಿತು, ಹೊಟ್ಟೆ ಒಳಗೆ ಹೋಯಿತು, ಜೊತೆಗೆ ಕೆನ್ನೆಯೂ ಒಳಗೆ ಹೋಯಿತು. ಆಮೇಲೆ ಬಂದ ಎರಡು ಸಂಬಂಧದವರು ‘ಹುಡುಗನಿಗೆ ಏನಾದರೂ ಕಾಯಿಲೆಯೇ?’ ಎಂದು ಮಧ್ಯಸ್ಥರ ಹತ್ತಿರ ವಿಚಾರಿಸಿ ಸುಮ್ಮನಾದರು. ಕೆನ್ನೆಗೆ ಫಿಲ್ಲರ್ (ಚರ್ಮದಡಿ ತುಂಬುವ ಜೆಲ್) ಚುಚ್ಚಿಸಿಕೊಳ್ಳಲು ಹೋದಾಗ ಚರ್ಮವೈದ್ಯರು ಮೊದಲು ನನ್ನಲ್ಲಿಗೆ ಕಳಿಸಿದರು. ಸಕ್ಕರೆ, ಥೈರಾಯ್ಡ್ ಪರೀಕ್ಷೆಗಳು ಆಗಿದ್ದವು, ಎರಡೂ ಸರಿಯಾಗಿದ್ದವು.

ಎರಡನೆಯ ಭೇಟಿಯಲ್ಲಿ ಅವರು ಹೇಳಿದರು: “ಮೇಡಂ, ಮೈ ತೋರಿಸಬೇಕೆಂದರೆ ಶರ್ಟು ಬಿಚ್ಚಬೇಕು. ಹೆಣ್ಣಿನ ಮನೆಯಲ್ಲಿ ಬಿಚ್ಚುವುದಕ್ಕಾಗುತ್ತದೆಯೇ? ಅಲ್ಲಿ ಎಲ್ಲರೂ ನೋಡುವುದು ಮುಖವನ್ನೇ.”

ನನಗೆ ನಗು ಬಂತು, ಅವರು ನಗಲಿಲ್ಲ. ಸಂಬಂಧಕ್ಕೆಂದು ಕಳಿಸುವ ಫೋಟೊ ತೋರಿಸಿ ಎಂದೆ. ಮೊಬೈಲಿನಲ್ಲಿ ತೆಗೆದು ತೋರಿಸಿದರು. ಎರಡು ವರ್ಷದ ಹಿಂದೆ ಸೋದರಮಾವನ ಮಗಳ ಮದುವೆಯಲ್ಲಿ ತೆಗೆದದ್ದು. ತುಂಬಿದ ಕೆನ್ನೆ, ಬಾಯಿತುಂಬ ನಗು.

“ಇದನ್ನು ಯಾಕೆ ಬದಲಿಸಲಿಲ್ಲ?”

“ಅಮ್ಮ ಬಿಡಲಿಲ್ಲ. ಅದರಲ್ಲಿ ಲಕ್ಷಣವಾಗಿದ್ದೀಯ ಎನ್ನುತ್ತಾರೆ.”

“ಈ ಫೋಟೊ ನೋಡಿ ಒಪ್ಪಿದವರು, ಬಾಗಿಲಲ್ಲಿ ನಿಮ್ಮನ್ನು ಕಂಡಾಗ ಏನೆಂದುಕೊಳ್ಳಬೇಕು? ಹೆಣ್ಣು ಹೆತ್ತವರು ಕಾಯಿಲೆಯೇ ಎಂದು ಕೇಳಿದ್ದು ತಪ್ಪೇ?”

ಬಹಳ ಹೊತ್ತು ಮೊಬೈಲನ್ನೇ ನೋಡುತ್ತ ಕುಳಿತರು. ಆಮೇಲೆ, “ಹಾಗಾದರೆ ನಾನು ಚೆನ್ನಾಗಿಲ್ಲ ಎಂದಲ್ಲ, ಅವರು ನೋಡಲು ಬಂದ ಗಂಡು ನಾನಲ್ಲ ಎಂದು” ಅಂದರು. ಅಲ್ಲಿಂದ ಮಾತು ಸಲೀಸಾಯಿತು.

‘ಜನರ ಮಾತಿಗೆ ಕಿವಿಗೊಡಬೇಡಿ’ ಎಂದು ಏಕೆ ಹೇಳಲಿಲ್ಲವೆಂದು ಇದೇ ವೃತ್ತಿಯ ಗೆಳತಿಯೊಬ್ಬರು ಆಕ್ಷೇಪಿಸಿದರು. ಆ ಉಪದೇಶದಲ್ಲಿ ನನಗೆ ನಂಬಿಕೆಯಿಲ್ಲ. ಹೆಣ್ಣು ಸಿಗುತ್ತಿಲ್ಲವೆಂದು ಮಂಡ್ಯದ ಅವಿವಾಹಿತ ಯುವಕರು 2023ರ ಫೆಬ್ರುವರಿಯಲ್ಲಿ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಹೊರಟಿದ್ದರು. ಅಂಥ ಜಿಲ್ಲೆಯಲ್ಲಿ ಕೃಷಿಕರ ಮನೆಯ ಮಗನಿಗೆ ಜನರ ಮಾತೆಂದರೆ ಬರೀ ಮಾತಲ್ಲ, ಕೂಡುವ ಇಲ್ಲವೇ ಮುರಿಯುವ ಸಂಬಂಧ. ಹಾಗೆಂದು ಕನ್ನಡಿಯ ವಿಚಾರ ಕೇಳದೆ ಬಿಡಲಿಲ್ಲ. ದಿನಕ್ಕೆ ಗಂಟೆಗಟ್ಟಲೆ ಕನ್ನಡಿ ನೋಡುವುದು, ಮುಖ ಮುಚ್ಚಿಕೊಂಡು ಓಡಾಡುವುದು, ಕೆಲಸಕ್ಕೆ ರಜೆ ಹಾಕುವುದು ಶುರುವಾಗಿದ್ದರೆ ಅದನ್ನು ಮನೋವೈದ್ಯರೇ ನೋಡಬೇಕು. ಇವರು ಆ ಹಂತ ಮುಟ್ಟಿರಲಿಲ್ಲ.

ಇನ್ನು ಕೆನ್ನೆಯ ವಿಷಯ. ಕೊಬ್ಬು ಹೊಟ್ಟೆಯಿಂದ ಮಾತ್ರ ಕರಗಲಿ, ಮುಖದಲ್ಲಿ ಉಳಿಯಲಿ ಎಂದು ಆರಿಸಿಕೊಳ್ಳುವ ದಾರಿ ಯಾವ ವ್ಯಾಯಾಮದಲ್ಲಿಯೂ ಇಲ್ಲ. ಮುಖದಲ್ಲಿರುವ ಕೊಬ್ಬೇ ಸ್ವಲ್ಪ. ಅದರಲ್ಲಿ ಒಂದಿಷ್ಟು ಹೋದರೂ ಎದ್ದು ಕಾಣುತ್ತದೆ. ತೂಕವನ್ನು ವಾರಕ್ಕೆ ಅರ್ಧದಿಂದ ಒಂದು ಕಿಲೊ ಇಳಿಸಿದರೆ ಸಾಕೆನ್ನುವುದು ವೈದ್ಯರ ಸಾಮಾನ್ಯ ಸಲಹೆ. ಇವರು ಒಂದು ಕಿಲೊ ಮೀರಿ ಇಳಿದಿದ್ದರು. ಮುದ್ದೆ ಬಿಟ್ಟು, ರಾತ್ರಿಯೂಟ ಬಿಟ್ಟು, ಮೊಟ್ಟೆಯ ಬಿಳಿಯ ಭಾಗ ಮತ್ತು ಓಟ್ಸ್ ಮೇಲೆ ದಿನ ತಳ್ಳುತ್ತಿದ್ದರು. ತೂಕ ಇನ್ನೂ ಇಳಿಯುತ್ತಲೇ ಇತ್ತು.

ಹಾಗಾಗಿ ಫಿಲ್ಲರನ್ನು ಆರು ತಿಂಗಳು ಮುಂದೂಡಿ ಎಂದೆ. ಬೇಡವೇ ಬೇಡ ಎನ್ನಲಿಲ್ಲ, ಅದು ಅವರ ಮುಖ. ಸಾಮಾನ್ಯವಾಗಿ ಬಳಸುವ ಹೈಯಲುರಾನಿಕ್ ಆಮ್ಲದ ಫಿಲ್ಲರ್ ಕೆಲವು ತಿಂಗಳಿಂದ ಒಂದೂವರೆ ವರ್ಷದೊಳಗೆ ಕರಗುತ್ತದೆ, ಮತ್ತೆ ದುಡ್ಡು ಸುರಿಯಬೇಕು. ಅಪರೂಪಕ್ಕೆ ಅದು ರಕ್ತನಾಳವನ್ನು ಮುಚ್ಚಿ ಚರ್ಮಕ್ಕೆ, ಕಣ್ಣಿಗೆ ಅಪಾಯ ತರುವುದೂ ಉಂಟು. ತೂಕ ಒಂದು ಕಡೆ ನಿಲ್ಲುವ ಮೊದಲೇ ಕೆನ್ನೆ ತುಂಬಿಸಿಕೊಂಡರೆ, ಆಮೇಲೆ ತೂಕ ಕೊಂಚ ಏರಿದಾಗ ಮುಖ ಊದಿಕೊಂಡು ಕಾಣಬಹುದು. ಅದಕ್ಕಿಂತ ಆಹಾರತಜ್ಞರನ್ನು ಕಂಡು ಹೊಟ್ಟೆತುಂಬ ಉಣ್ಣಿ, ಜಿಮ್ಮು ಬಿಡಬೇಡಿ, ಎರಡು ಮೂರು ಕಿಲೊ ಮರಳಿ ಬಂದರೆ ಗಾಬರಿಯಾಗಬೇಡಿ ಎಂದೆ. ಕಾಯಿಲೆಯೇ ಎಂದು ಕೇಳಿದವರಿಗೆ ಸಿಟ್ಟಾಗದೆ, ತೂಕ ಇಳಿಸಿದ ಸಂಗತಿಯನ್ನು ತಾವೇ ಮುಂದಾಗಿ ಹೇಳಲು ತಿಳಿಸಿದೆ. ಬಯಸದೆಯೇ ಮುಖ ಇಳಿದವರಿಗೆ ಈ ಸಲಹೆ ಅನ್ವಯಿಸುವುದಿಲ್ಲ. ಊಟ ಮಾಡುತ್ತಲೇ ಇದ್ದು ತೂಕ ಇಳಿದರೆ, ಜೊತೆಗೆ ಕೆಮ್ಮು, ಸಂಜೆಯ ಜ್ವರ, ಅತಿಯಾದ ಬಾಯಾರಿಕೆ ಇದ್ದರೆ, ಆಪ್ತಸಲಹೆಗೆ ಬರುವ ಮೊದಲು ವೈದ್ಯರ ಬಳಿ ಹೋಗಿ.

ಊಟದ ಮಾತನ್ನು ಅವರು ಒಪ್ಪಿದರು. ಫೋಟೊದ ಮಾತು ಅಷ್ಟು ಸುಲಭವಾಗಲಿಲ್ಲ. ಹೊಸದಾಗಿ ತೆಗೆಸಿದ್ದನ್ನು ನೋಡಿದ ಮಧ್ಯಸ್ಥರು, “ಇದರಲ್ಲಿ ಹುಡುಗ ಸಾಲಗಾರನ ಹಾಗೆ ಕಾಣುತ್ತಾನೆ” ಎಂದು ಹಳೆಯದನ್ನೇ ಕೇಳುತ್ತಿದ್ದಾರಂತೆ. ತಾಯಿಯ ಮತವೂ ಅದೇ. ಹೊಸದನ್ನೇ ಕಳಿಸಿ ಎಂದು ಹೇಳಿದ್ದೇನೆ. ಮುಂದಿನ ಭೇಟಿಗೆ ತಾಯಿಯನ್ನೂ ಕರೆತರಲು ತಿಳಿಸಿದ್ದೇನೆ.