ಮಾನವ ಸಂಪನ್ಮೂಲ ನಿರ್ವಹಣೆಯನ್ನು ಒಂದು ದೇಶದಲ್ಲಿ ಓದಿ ಇನ್ನೊಂದು ದೇಶದಲ್ಲಿ ಕೆಲಸ ಮಾಡಬಹುದೇ?

ಮಾಡಬಹುದು, ಆದರೆ ಕಲಿತದ್ದರಲ್ಲಿ ಒಂದು ಭಾಗ ಮಾತ್ರ ಗಡಿ ದಾಟಿ ನಿಮ್ಮೊಂದಿಗೆ ಬರುತ್ತದೆ. ನೇಮಕಾತಿ, ತರಬೇತಿ, ವೇತನ ರಚನೆಯ ತತ್ವಗಳು ಎಲ್ಲೆಡೆ ಉಪಯೋಗಕ್ಕೆ ಬರುತ್ತವೆ. ಈ ವೃತ್ತಿಯ ದಿನನಿತ್ಯದ ಆಧಾರವಾದ ಕಾರ್ಮಿಕ ಕಾನೂನು ಮಾತ್ರ ದೇಶದಿಂದ ದೇಶಕ್ಕೆ ಬದಲಾಗುತ್ತದೆ.

ನೌಕರನನ್ನು ಕೆಲಸದಿಂದ ತೆಗೆಯುವ ಪ್ರಸಂಗವನ್ನೇ ನೋಡಿ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ, ತಾರತಮ್ಯದಂತಹ ಕಾನೂನುಬಾಹಿರ ಉದ್ದೇಶವಿಲ್ಲದಿದ್ದರೆ, ಖಾಸಗಿ ಕಂಪನಿಯು ಕಾರಣ ಹೇಳದೆಯೇ ತೆಗೆಯಬಹುದು. ಜರ್ಮನಿಯಲ್ಲಾದರೋ ಕೈಯಾರೆ ಸಹಿ ಮಾಡಿದ ಕಾಗದದ ಪತ್ರವೇ ಬೇಕು, ಇಮೇಲ್ ನಡೆಯದು. ಕಂಪನಿಯಲ್ಲಿ ನೌಕರರು ಚುನಾಯಿಸಿದ ಮಂಡಳಿಯಿದ್ದರೆ, ಮೊದಲು ಅದರ ಅಭಿಪ್ರಾಯ ಕೇಳದೆ ಕೊಟ್ಟ ಪತ್ರವೂ ಅಸಿಂಧು.

ಆದ್ದರಿಂದ ವಿಶ್ವವಿದ್ಯಾಲಯದ ರ‍್ಯಾಂಕಿಗಿಂತ ನೀವು ಮುಂದೆ ಕೆಲಸ ಮಾಡಬಯಸುವ ದೇಶವನ್ನು ಮೊದಲು ನಿರ್ಧರಿಸುವುದು ಒಳಿತೆಂಬುದು ನನ್ನ ದೃಢ ಅಭಿಪ್ರಾಯ. ಬ್ರಿಟನ್ನಿನಲ್ಲಾದರೆ ಕೋರ್ಸಿಗೆ ಸಿಐಪಿಡಿ ಎಂಬ ವೃತ್ತಿಸಂಸ್ಥೆಯ ಮಾನ್ಯತೆ ಇದೆಯೇ ಎಂದು ನೋಡಿ. ಅಮೆರಿಕದಲ್ಲಿ ಓದಿದ ವಿದೇಶಿ ವಿದ್ಯಾರ್ಥಿಗಳಿಗೆ ಪದವಿಯ ನಂತರ ಸಾಮಾನ್ಯವಾಗಿ 12 ತಿಂಗಳು ಕೆಲಸ ಮಾಡಲು ಅವಕಾಶವಿದ್ದು, ವಿಜ್ಞಾನ-ತಂತ್ರಜ್ಞಾನ ವರ್ಗದ ಪದವೀಧರರಿಗೆ ಇನ್ನೂ 24 ತಿಂಗಳು ಸಿಗಬಹುದು. ನಿಮ್ಮ ಕೋರ್ಸ್ ಯಾವ ವರ್ಗದಲ್ಲಿದೆ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ.