ನಿಮ್ಮ ಲೇಖನ ಶುರುವಾಗುವುದು ನಾಲ್ಕನೇ ಪುಟದಲ್ಲಿ

ಪ್ರಿಯರೇ,

ನೆನಪಿನ ಬಗ್ಗೆ ನೀವು ಬರೆದ ‘ನೆನಪೆಂಬ ಮಾಯಾಲೋಕ’ ಲೇಖನ ತಲುಪಿದೆ, ಪೂರ್ತಿ ಓದಿದೆ. ಈಗಿರುವಂತೆ ಅದನ್ನು ಪ್ರಕಟಿಸಲಾಗದು. ಹಾಗಂತ ‘ವಿಷಾದಿಸುತ್ತೇವೆ’ ಎಂದು ಎರಡು ಸಾಲು ಬರೆದು ಕೈತೊಳೆದುಕೊಳ್ಳುವ ಬರಹವೂ ಅಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ಮೊದಲ ಮೂರು ಪುಟವೂ ಪಟ್ಟಿ. ಸಂವೇದನಾ ಸ್ಮೃತಿ, ಅಲ್ಪಾವಧಿ ಸ್ಮೃತಿ, ದೀರ್ಘಾವಧಿ ಸ್ಮೃತಿ, ಅದಕ್ಕೆರಡು ಕವಲು, ಆ ಕವಲಿಗೆ ಮತ್ತೆರಡು. ಪ್ರತಿಯೊಂದಕ್ಕೂ ಒಂದು ವ್ಯಾಖ್ಯೆ, ಒಂದು ಉದಾಹರಣೆ. ಬಿ.ಎಡ್. ಪರೀಕ್ಷೆಗೆ ಕೂರುವವರಿಗೆ ಇದು ಸಾಕು. ಭಾನುವಾರ ಕಾಫಿ ಕುಡಿಯುತ್ತ ಓದುವವರು ಎರಡನೇ ಕವಲಿಗೇ ಪುಟ ಮಗುಚುತ್ತಾರೆ. ಆಮೇಲೆ ನಾಲ್ಕನೇ ಪುಟದ ಕೊನೆಯಲ್ಲಿ, ‘ಎಚ್.ಎಂ. ಎಂಬ ರೋಗಿಯ ಅಧ್ಯಯನಗಳೂ ಇದನ್ನು ದೃಢಪಡಿಸಿವೆ’ ಎಂದು ಒಂದೇ ಸಾಲು ಗೀಚಿ ಮುಂದೆ ಹೋಗಿದ್ದೀರಿ. ಎಂಥ ಅನ್ಯಾಯ ಮಾರಾಯರೇ! ನಿಮ್ಮ ವಿಂಗಡಣೆಗೆ ಗಟ್ಟಿ ಆಧಾರ ಸಿಕ್ಕಿದ್ದೇ ಆ ಮನುಷ್ಯನಿಂದ.

ಆತನ ಹೆಸರು ಹೆನ್ರಿ ಮೊಲೇಸನ್. 2008ರಲ್ಲಿ ತೀರಿಕೊಂಡ ಮೇಲೆ ಹೆಸರು ಬಹಿರಂಗವಾಯಿತು, ಹಾಗಾಗಿ ಇನಿಷಿಯಲ್ ಬಿಟ್ಟು ಹೆಸರಿಟ್ಟೇ ಬರೆಯಿರಿ. ಅಮೆರಿಕದ ಕನೆಕ್ಟಿಕಟ್‌ನವನು. ಚಿಕ್ಕಂದಿನಿಂದ ಮೂರ್ಛೆರೋಗ, ಯಾವ ಔಷಧಿಗೂ ಬಗ್ಗಲಿಲ್ಲ. 1953ರಲ್ಲಿ, ಅವನಿಗೆ 27 ವರ್ಷವಾಗಿದ್ದಾಗ, ವಿಲಿಯಂ ಸ್ಕೋವಿಲ್ ಎಂಬ ಸರ್ಜನ್ ಮಿದುಳಿನ ಎರಡೂ ಬದಿಯಲ್ಲಿರುವ ಹಿಪೊಕ್ಯಾಂಪಸ್ ಎಂಬ ಅಂಗದ ಬಹುಭಾಗವನ್ನೂ ಅದರ ಸುತ್ತಲ ಭಾಗವನ್ನೂ ತೆಗೆದುಹಾಕಿದರು. ಫಿಟ್ಸ್ ಕಡಿಮೆಯಾಯಿತು. ಆದರೆ ಅಲ್ಲಿಂದಾಚೆಗೆ ನಡೆದದ್ದು ಯಾವುದೂ ತಲೆಯಲ್ಲಿ ನಿಲ್ಲದಾಯಿತು. 1955ರ ಏಪ್ರಿಲ್‌ನಲ್ಲಿ ಮಾಂಟ್ರಿಯಲ್‌ನ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಪರೀಕ್ಷೆ ಮಾಡಿದಾಗ, ಈಗ 1953ರ ಮಾರ್ಚ್, ನನಗೆ 27 ವರ್ಷ ಎಂದ. ಇಲ್ಲಿಂದ ಶುರು ಮಾಡಿ. ಓದುಗರು ಎಲ್ಲಿಗೂ ಹೋಗುವುದಿಲ್ಲ.

ಇನ್ನು ತಪ್ಪುಗಳು. ‘ನಿನ್ನೆ ರಾತ್ರಿ ಉಂಡದ್ದು ನೆನಪಿರುವುದು ಅಲ್ಪಾವಧಿ ಸ್ಮೃತಿ’ ಎಂದಿದ್ದೀರಿ. ಅಲ್ಲ. ಅಲ್ಪಾವಧಿ ಎಂದರೆ ಸೆಕೆಂಡುಗಳ ಲೆಕ್ಕ; ನಿನ್ನೆಯ ಊಟ ಆಗಲೇ ದೀರ್ಘಾವಧಿಗೆ ಸೇರಿದ್ದು. ಇದನ್ನೂ ಮೊಲೇಸನ್‌ನಿಂದಲೇ ತೋರಿಸಬಹುದು. ಮಿಲ್ನರ್ ಒಮ್ಮೆ ಅವನಿಗೆ 584 ಎಂಬ ಸಂಖ್ಯೆ ನೆನಪಿಟ್ಟುಕೊಳ್ಳಲು ಹೇಳಿದರು. ಕಾಲು ಗಂಟೆಯಾದ ಮೇಲೂ ಸರಿಯಾಗಿ ಹೇಳಿದ. ಹೇಗೆ ಎಂದರೆ: ಎಂಟನ್ನು ಹಿಡಿದುಕೊಳ್ಳಿ, ಐದು ಎಂಟು ನಾಲ್ಕು ಕೂಡಿದರೆ ಹದಿನೇಳು, ಅದರಲ್ಲಿ ಎಂಟು ಕಳೆದರೆ ಒಂಬತ್ತು, ಒಂಬತ್ತನ್ನು ಒಡೆದರೆ ಐದು ಮತ್ತು ನಾಲ್ಕು, ಅಷ್ಟೇ, ಸುಲಭ. ಅಷ್ಟೂ ಹೊತ್ತು ಬಿಡದೆ ಇದನ್ನೇ ಮನಸ್ಸಿನಲ್ಲಿ ತಿರುಗಿಸುತ್ತ ಕೂತಿದ್ದ. ಗಮನ ಬೇರೆಡೆ ಹೊರಳಿ ಒಂದು ನಿಮಿಷ ಆಗುವಷ್ಟರಲ್ಲಿ ಸಂಖ್ಯೆ ಹೋಯಿತು. ಸಂಖ್ಯೆಯೊಂದನ್ನು ಕೊಟ್ಟಿದ್ದರು ಎಂಬುದೂ ಹೋಯಿತು. ಮೂರು ಪ್ಯಾರಾ ವ್ಯಾಖ್ಯೆ ಮಾಡಲಾಗದ ಕೆಲಸವನ್ನು ಈ 584 ಮಾಡುತ್ತದೆ.

‘ಹಿಪೊಕ್ಯಾಂಪಸ್ ನೆನಪುಗಳ ಗೋದಾಮು’ ಎಂಬ ಹೋಲಿಕೆ ತೆಗೆಯಿರಿ. ಗೋದಾಮೇ ಆಗಿದ್ದರೆ ಅದರ ಜೊತೆಗೆ ಬಾಲ್ಯವೂ ಹೋಗಬೇಕಿತ್ತು. ಮೊಲೇಸನ್‌ಗೆ ಅಪ್ಪ ಅಮ್ಮ, ಶಾಲೆಯ ದಿನಗಳು ನೆನಪಿದ್ದವು. ಮುಖ್ಯವಾಗಿ ನಿಂತದ್ದು ಹೊಸದನ್ನು ಭದ್ರಪಡಿಸುವ ಕೆಲಸ.

ಆ ಕನ್ನಡಿ ಪರೀಕ್ಷೆಯನ್ನು ಬಿಟ್ಟದ್ದೇಕೆ? ಜೋಡಿ ಗೆರೆಯಲ್ಲಿ ಬರೆದ ನಕ್ಷತ್ರ; ಗೆರೆಗಳ ನಡುವಿನ ಇಕ್ಕಟ್ಟಿನಲ್ಲಿ ಪೆನ್ಸಿಲ್ ಓಡಿಸಬೇಕು; ಕೈ, ಕಾಗದ ಕಾಣುವುದು ಕನ್ನಡಿಯಲ್ಲಿ ಮಾತ್ರ. ಮನೆಯಲ್ಲಿ ಮಾಡಿ ನೋಡಿ, ಮೂಲೆ ಬಂದ ಕೂಡಲೇ ಕೈ ಅಡ್ಡಾದಿಡ್ಡಿ ಓಡುತ್ತದೆ. ಮೊಲೇಸನ್ ಮೂರು ದಿನ ಮಾಡಿದ. ಪ್ರತಿದಿನವೂ ಇದೇ ಮೊದಲ ಸಲ ಎಂದುಕೊಂಡೇ ಕೂತ, ಆದರೆ ಮೂರನೇ ದಿನ ಹೆಚ್ಚುಕಡಿಮೆ ತಪ್ಪಿಲ್ಲದೆ ಎಳೆದ. ಕೈ ಕಲಿತಿತ್ತು, ಕಲಿತದ್ದು ಅವನಿಗೆ ಗೊತ್ತಿರಲಿಲ್ಲ. ನೀವು ‘ಕಾರ್ಯವಿಧಾನಾತ್ಮಕ ಸ್ಮೃತಿ’ ಎಂದು ದಪ್ಪಕ್ಷರದಲ್ಲಿ ಹಾಕಿರುವುದು ಇದನ್ನೇ. ಸೈಕಲ್ ತುಳಿಯುವ ಉದಾಹರಣೆ ಸಾಕಾಗಿದೆ, ಬಿಟ್ಟುಬಿಡಿ.

ಮನಶ್ಶಾಸ್ತ್ರಜ್ಞ ಎಂಡೆಲ್ ಟುಲ್ವಿಂಗ್ 1972ರಲ್ಲಿ ಘಟನೆಗಳ ನೆನಪನ್ನೂ ತಿಳಿವಳಿಕೆಯ ನೆನಪನ್ನೂ ಬೇರೆ ಮಾಡಿದ್ದು ಸರಿಯಾಗಿ ಬರೆದಿದ್ದೀರಿ. ಅದಕ್ಕೂ ಒಬ್ಬ ಮನುಷ್ಯ ಬೇಕು: 1981ರಲ್ಲಿ ಮೋಟರ್‌ಸೈಕಲ್ ಅಪಘಾತದಲ್ಲಿ ತಲೆಗೆ ಪೆಟ್ಟಾದ ಕೆನಡಾದ ಕೆಂಟ್ ಕಾಕ್ರೇನ್. ಚೆಸ್ ಆಡಲು ಬರುತ್ತಿತ್ತು, ಯಾರ ಜೊತೆಗಾದರೂ ಆಡಿದ ಒಂದು ಆಟವೂ ನೆನಪಿರಲಿಲ್ಲ. ನಾಳೆ ಏನು ಮಾಡುತ್ತೀಯ ಎಂದರೆ ಅದೂ ಖಾಲಿ. ಒಂದು ಪ್ಯಾರಾ ಸಾಕು, ಹಿಗ್ಗಿಸಬೇಡಿ.

‘ಕಲಿತದ್ದರಲ್ಲಿ ಶೇ 70ರಷ್ಟನ್ನು ಒಂದೇ ದಿನದಲ್ಲಿ ಮರೆಯುತ್ತೇವೆ’ ಎಂಬ ವಾಕ್ಯ ಎಲ್ಲಿಂದ ಬಂತೆಂದು ಬಲ್ಲೆ. 1885ರಲ್ಲಿ ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಪ್ರಕಟಿಸಿದ ಪ್ರಯೋಗದ ಅಂಕಿ ಅದು, ಬಾಯಿಂದ ಬಾಯಿಗೆ ದಾಟಿ ಹೀಗಾಗಿದೆ. ಪ್ರಯೋಗಕ್ಕೆ ಕೂತದ್ದು ಆತನೊಬ್ಬನೇ, ಬಾಯಿಪಾಠ ಮಾಡಿದ್ದು ಅರ್ಥವಿಲ್ಲದ ಉಚ್ಚಾರಗಳನ್ನು. ಮಗುವಿನ ಹೆಸರಿಟ್ಟ ದಿನವನ್ನೋ ಅಡುಗೆಯನ್ನೋ ಆ ಲೆಕ್ಕಕ್ಕೆ ಸೇರಿಸಲಾಗದು.

ಶತಾವಧಾನಿ ಆರ್. ಗಣೇಶ್ ಅವರ ಹೆಸರು ತಂದು ‘ವಿಜ್ಞಾನಕ್ಕೇ ಸವಾಲು’ ಎಂದು ಮುಗಿಸಿದ್ದೀರಿ. ಬೆರಗುಪಟ್ಟು ಸುಮ್ಮನಾದರೆ ಲೇಖನ ಅಲ್ಲಿಗೆ ನಿಂತಂತೆ. ಅವಧಾನದಲ್ಲಿ ಆಗುವುದೇನು ನೋಡಿ: ಪದ್ಯ ಕಟ್ಟಲು ಸವಾಲೊಡ್ಡುವ ಪೃಚ್ಛಕರಿಗೆ (ಪ್ರಶ್ನೆ ಕೇಳುವವರಿಗೆ) ಒಂದು ಸುತ್ತಿಗೆ ಪದ್ಯದ ಒಂದೇ ಪಾದ, ನಡುವೆ ಗಮನ ಕೆಡಿಸುವ ಅಪ್ರಸ್ತುತಪ್ರಸಂಗಿಯ ತರಲೆ, ನಾಲ್ಕು ಸುತ್ತಾದ ಮೇಲೆ ಧಾರಣದಲ್ಲಿ, ಅಂದರೆ ನೆನಪಿನಿಂದ ಒಪ್ಪಿಸುವ ಘಟ್ಟದಲ್ಲಿ, ಪೂರ್ತಿ ಪದ್ಯಗಳು. ಕಾಗದ ಪೆನ್ನು ಇಲ್ಲ. ಛಂದಸ್ಸು, ನಿಘಂಟು, ಪುರಾಣ ಮೊದಲೇ ಮೈಗೂಡಿರುವುದರಿಂದ ಹೊಸ ಪಾದ ನೇತುಹಾಕಲು ಗೂಟ ಸಿದ್ಧವಿರುತ್ತದೆ ಎಂಬುದು ನನ್ನ ಊಹೆ. ಇದರ ಪಕ್ಕದಲ್ಲಿಡಲು ಒಳ್ಳೆಯ ಪ್ರಯೋಗವಿದೆ. 1980ರಲ್ಲಿ ಎರಿಕ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ್ದು: ಏಳು ಅಂಕಿ ಹೇಳುವಷ್ಟಕ್ಕೇ ಸುಸ್ತಾಗುತ್ತಿದ್ದ ವಿದ್ಯಾರ್ಥಿಯೊಬ್ಬ ತಿಂಗಳುಗಟ್ಟಲೆ ಅಭ್ಯಾಸ ಮಾಡಿ 79 ಅಂಕಿಗೆ ಮುಟ್ಟಿದ. ಆತ ಓಟಗಾರ, ಅಂಕಿಗಳನ್ನು ಓಟದ ಸಮಯಗಳಾಗಿ ಕಟ್ಟಿಕೊಳ್ಳುತ್ತಿದ್ದ. ಅಂಕಿಯ ಬದಲು ಅಕ್ಷರ ಕೊಟ್ಟರು, ಮತ್ತೆ ಆರಕ್ಕೆ ಇಳಿದ.

ಇಷ್ಟು ಬರೆದ ಮೇಲೆ ಕೊನೆಯ ಎರಡು ಪುಟ, ಅಂದರೆ ಒಂದೆಲಗದ ಚಟ್ನಿ, ನೆನೆಸಿದ ಬಾದಾಮಿ, ‘ಸ್ಮರಣಶಕ್ತಿ ಹೆಚ್ಚಿಸುವ ಹತ್ತು ಸೂತ್ರಗಳು’ ಎಲ್ಲವನ್ನೂ ಅಳಿಸುವುದು ನಿಮಗೇ ಕಷ್ಟವಾಗದು. ಚಟ್ನಿಯ ಬಗ್ಗೆ ತಕರಾರಿಲ್ಲ, ನಮ್ಮ ಅಡುಗೆ ಅಂಕಣಕ್ಕೆ ಬೇರೆಯಾಗಿ ಕಳಿಸಿ.

ಒಟ್ಟು 1,200 ಪದ ಮೀರದಿರಲಿ. ಮಿದುಳಿನ ಚಿತ್ರ ಕಳಿಸಿದ್ದೀರಲ್ಲ, ಅದು ಯಾರದು, ಅನುಮತಿ ಇದೆಯೇ ತಿಳಿಸಿ. ಇಲ್ಲದಿದ್ದರೆ ನಮ್ಮ ಕಲಾವಿದರಿಂದಲೇ ಬರೆಸುತ್ತೇವೆ. ಶೀರ್ಷಿಕೆ ನಮಗೆ ಬಿಡಿ.

– ಸಂಪಾದಕ